ವ್ಯಾಕ್ಯೂಮ್ ಕ್ಲೀನರ್ ಕೊಳ್ಳುವ ಮೊದಲು ಯಾರನ್ನು ಕೇಳಬೇಕು?



ಕ್ರಿಸ್‌ಮಸ್ ಹತ್ತಿರವಾಗುತ್ತಿದ್ದಂತೆ ನಮ್ಮ ಕಾಸರಗೋಡಿನ ಕೃಷಿಕರ ಮನೆಗಳಲ್ಲಿ ಎರಡು ಕೆಲಸಗಳು ಒಟ್ಟಿಗೆ ಬರುತ್ತವೆ. ಹೊರಗೆ ಅಂಗಳದಲ್ಲಿ ಅಡಿಕೆ ಹರಡಿರುತ್ತದೆ. ಒಳಗೆ ವರ್ಷಕ್ಕೊಮ್ಮೆಯ ದೊಡ್ಡ ಶುಚಿ ಕಾರ್ಯ ನಡೆಯುತ್ತಿರುತ್ತದೆ. ಹಂಚಿನ ಮಾಡಿನಿಂದ ಜೇಡರ ಬಲೆ ತೆಗೆಯುವುದು, ಅಟ್ಟ ಗುಡಿಸುವುದು, ಕಪಾಟಿನ ಮೇಲಿನ ಧೂಳು ಒರೆಸುವುದು, ಮಳೆಗಾಲವಿಡೀ ತೇವ ಕುಡಿದ ಹಾಸಿಗೆ ದಿಂಬುಗಳನ್ನು ಬಿಸಿಲಿಗೆ ಹಾಕಿ ಬಡಿಯುವುದು, ಹೀಗೆ ಕೆಲಸ ಮುಗಿಯುವುದೇ ಇಲ್ಲ. ಈ ದಿನಗಳಲ್ಲಿಯೇ ಮನೆಯ ಹೆಂಗಸರ ಸೀನು, ಕೆಮ್ಮು, ರಾತ್ರಿ ಹೊತ್ತಿನ ಉಬ್ಬಸ ಹೆಚ್ಚುವುದನ್ನು ನಾವೆಲ್ಲರೂ ನೋಡಿದ್ದೇವೆ. "ಧೂಳು ತಾಗಿತು, ಎರಡು ದಿನದಲ್ಲಿ ಸರಿಹೋಗುತ್ತದೆ" ಎಂದು ಹೇಳಿ ಸುಮ್ಮನಾಗಿಯೂ ಇದ್ದೇವೆ.

ಇದೇ ಸಮಯಕ್ಕೆ ಅಂಗಡಿಗಳಲ್ಲಿ ಹಬ್ಬದ ರಿಯಾಯಿತಿ ಮಾರಾಟವೂ ಆರಂಭವಾಗುತ್ತದೆ. ಕಳೆದ ಕೆಲವು ವಾರಗಳಲ್ಲಿ ಆದಿತ್ಯವಾರದ ಪೂಜೆ ಮುಗಿದ ಮೇಲೆ ನಾಲ್ಕೈದು ಮಂದಿ ನಮ್ಮಲ್ಲಿ ಒಂದೇ ಪ್ರಶ್ನೆ ಕೇಳಿದರು: "ಮನೆಗೊಂದು ವ್ಯಾಕ್ಯೂಮ್ ಕ್ಲೀನರ್ ತೆಗೆದುಕೊಳ್ಳಬೇಕೆಂದಿದ್ದೇವೆ. ಐದಾರು ಸಾವಿರದೊಳಗೆ ಯಾವುದು ಒಳ್ಳೆಯದು?" ಪ್ರಶ್ನೆ ಒಳ್ಳೆಯದೇ. ಆದರೆ ಕೇಳಿದವರೆಲ್ಲರೂ ಗಂಡಸರು. ದಿನವೂ ಮನೆ ಗುಡಿಸುವವರು ಅವರಲ್ಲಿ ಒಬ್ಬರೂ ಇರಲಿಲ್ಲ. "ಮನೆಯಲ್ಲಿ ಅವರೇನು ಹೇಳುತ್ತಾರೆ?" ಎಂದು ನಾವು ತಿರುಗಿ ಕೇಳಿದಾಗ ಒಬ್ಬರು ನಕ್ಕು, "ಅವಳಿಗೆ ಹೇಳಿಲ್ಲ, ತಂದ ಮೇಲೆ ಗೊತ್ತಾಗುತ್ತದಲ್ಲ" ಎಂದರು. ಈ ತಿಂಗಳ ಅಂಕಣವನ್ನು ಆ ಮಾತೇ ನಮ್ಮಿಂದ ಬರೆಸಿದೆ.

ನಮ್ಮ ಮನೆಯ ಅನುಭವ

ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಸುಮಾರು ಹನ್ನೆರಡು ವರ್ಷಗಳ ಹಿಂದೆ ಒಬ್ಬ ಮಾರಾಟದ ಯುವಕ ನಮ್ಮ ಮನೆಯ ಜಗಲಿಗೆ ಬಂದ. ಬಹಳ ವಿನಯದ ಹುಡುಗ. ಯಂತ್ರದ ಕೊಳವೆಗೆ ಒಂದು ಕಪ್ಪು ಬಟ್ಟೆ ಸಿಕ್ಕಿಸಿ ನಮ್ಮ ಹಾಸಿಗೆಯ ಮೇಲೆ ಒಂದು ನಿಮಿಷ ಆಡಿಸಿದ. ಬಟ್ಟೆಯ ಮೇಲೆ ಬಿಳಿಯ ಹುಡಿ ಕುಳಿತಿತ್ತು. "ನೋಡಿ ಸರ್, ನಿಮ್ಮ ಮಕ್ಕಳು ಇದರ ಮೇಲೆ ಮಲಗುವುದು" ಎಂದ. ನಮಗೆ ನಾಚಿಕೆಯಾಯಿತು. ಕಂತಿನಲ್ಲಿ ಹಣ ಕೊಡುವುದೆಂದು ಅಲ್ಲಿಯೇ ಸಹಿ ಹಾಕಿದೆವು. ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಒಂದೇ ಮಾತು ಕೇಳಿದ್ದರು: "ಇದರ ಚೀಲ ತುಂಬಿದರೆ ಬೇರೆ ಚೀಲ ಎಲ್ಲಿ ಸಿಗುತ್ತದೆ ಮಗಾ?" ಆ ಪ್ರಶ್ನೆಗೆ ನಾವು ಕಿವಿಗೊಡಲಿಲ್ಲ.

ಯಂತ್ರದ ಜೊತೆ ಕೊಟ್ಟಿದ್ದ ಕಾಗದದ ಚೀಲಗಳು ಐದು ತಿಂಗಳಲ್ಲಿ ಮುಗಿದವು. ಕಾಸರಗೋಡು ಪೇಟೆಯಲ್ಲಿ ಹುಡುಕಿದರೂ ಅಂಥ ಚೀಲ ಸಿಗಲಿಲ್ಲ. ತುಂಬಿದ ಚೀಲವನ್ನೇ ಕೊಡವಿ ಮತ್ತೆ ಹಾಕಿದೆವು. ಅದು ಹರಿದು ಧೂಳು ಮೋಟಾರಿಗೆ ಹೋಯಿತು. ಕಂತು ಮುಗಿಯುವ ಮೊದಲೇ ಯಂತ್ರ ಅಟ್ಟ ಸೇರಿತು. ಅಮ್ಮ ಮೂಗಿಗೆ ಬೈರಾಸು ಕಟ್ಟಿಕೊಂಡು ಹಿಡಿಸೂಡಿಯಿಂದಲೇ ಗುಡಿಸುತ್ತಾ ಬಂದರು. ಅವರಿಗೆ ಉಬ್ಬಸ ಇರುವುದು ಡಾಕ್ಟರರ ಬಾಯಿಂದ ಹೊರಬರುವಾಗ ಇನ್ನೂ ನಾಲ್ಕು ವರ್ಷ ಕಳೆದಿತ್ತು. ಗುಡಿಸಿದ್ದರಿಂದಲೇ ಕಾಯಿಲೆ ಬಂತು ಎಂದು ನಾವು ಹೇಳುವುದಿಲ್ಲ. ಆದರೆ ಗುಡಿಸಿದ ದಿನ ರಾತ್ರಿ ಅವರಿಗೆ ಉಸಿರು ಕಟ್ಟುತ್ತಿತ್ತು ಎಂಬುದನ್ನು ನಾವು ಗಮನಿಸದೇ ಹೋದೆವು. ಇದು ನಿಜ.

ಕಪ್ಪು ಬಟ್ಟೆಯ ಪ್ರದರ್ಶನದ ಬಗ್ಗೆಯೂ ಒಂದು ಮಾತು. ಮನುಷ್ಯ ಮಲಗುವ ಯಾವ ಹಾಸಿಗೆಯ ಮೇಲೆ ಆಡಿಸಿದರೂ ಬಟ್ಟೆಯ ಮೇಲೆ ಹುಡಿ ಬರುತ್ತದೆ. ಶುಚಿ ಮಾಡಿ ಮುಗಿಸಿದ ಹಾಸಿಗೆಯ ಮೇಲೆ ಮತ್ತೊಮ್ಮೆ ಆಡಿಸಿದರೂ ಬರುತ್ತದೆ. ಅದು ಹಾಸಿಗೆಯ ಗುಣ, ಯಂತ್ರದ ಗುಣಕ್ಕೆ ಸಾಕ್ಷಿ ಅಲ್ಲ. ನಾಚಿಕೆಯಿಂದ ಯಾರೂ ಸಹಿ ಹಾಕಬಾರದು.

ಧೂಳು ಹೋಗುವುದು ಎಲ್ಲಿಗೆ?

ಯಾವ ಯಂತ್ರ ಎಂದು ನೋಡುವ ಮೊದಲು ಧೂಳಿನ ಸ್ವಭಾವ ತಿಳಿದುಕೊಳ್ಳೋಣ. ನಮ್ಮ ಮನೆಯ ಧೂಳು ಒಂದೇ ಬಗೆಯದಲ್ಲ. ರಸ್ತೆಯಿಂದಲೂ ಮುರಕಲ್ಲಿನ ಗೋಡೆಯಿಂದಲೂ ಬರುವ ಕೆಂಪು ಮಣ್ಣು, ಒಲೆಯ ಬೂದಿ, ಬಟ್ಟೆಯ ನೂಲು, ನಮ್ಮದೇ ಮೈಯ ಒಣ ಚರ್ಮದ ಹುಡಿ, ಬೂಸು, ಅಡಿಕೆ ಸುಲಿಯುವ ಕಾಲದಲ್ಲಿ ಸಿಪ್ಪೆಯ ಹುಡಿ, ಎಲ್ಲವೂ ಅದರಲ್ಲಿದೆ.

ಇದರಲ್ಲಿ ಕಣ್ಣಿಗೆ ಕಾಣುವ ಕಣಗಳು ಅಷ್ಟು ಅಪಾಯದವಲ್ಲ. ಅವು ಮೂಗಿನಲ್ಲಿಯೇ ನಿಂತು ಸೀನಿನ ಜೊತೆ ಹೊರಬರುತ್ತವೆ. ತೊಂದರೆ ಕೊಡುವುದು ಕಾಣದ ಕಣಗಳು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿನ ಒಂದು ಕಣ ಗಾಳಿಯಾಡದ ಕೋಣೆಯಲ್ಲಿ ಮನುಷ್ಯನ ಮುಖದ ಎತ್ತರದಿಂದ ನೆಲಕ್ಕೆ ಇಳಿಯಲು ಸುಮಾರು 8 ನಿಮಿಷ ಬೇಕು. 1 ಮೈಕ್ರಾನಿನ ಕಣಕ್ಕೆ ಸುಮಾರು 12 ಗಂಟೆ ಬೇಕು. ಬೆಳಿಗ್ಗೆ ಗುಡಿಸುವಾಗ ಎದ್ದ ಆ ಕಣ ರಾತ್ರಿ ಮಲಗುವ ಹೊತ್ತಿಗೂ ಕೋಣೆಯ ಗಾಳಿಯಲ್ಲಿ ಇರಬಹುದು. ಶ್ವಾಸಕೋಶದ ಆಳಕ್ಕೆ ಇಳಿಯುವುದು ಇಂಥ ಕಣಗಳೇ.

ಒಣ ಹಿಡಿಸೂಡಿ ದೊಡ್ಡ ಕಸವನ್ನು ಬಾಗಿಲಿನ ಹೊರಗೆ ದಾಟಿಸುತ್ತದೆ; ಸಣ್ಣ ಕಣಗಳನ್ನು ನೆಲದಿಂದ ಎಬ್ಬಿಸಿ ಗುಡಿಸುವವರ ಮುಖಕ್ಕೆ ಕೊಡುತ್ತದೆ. ಬಾಗಿ ಗುಡಿಸುವುದರಿಂದ ಮುಖ ನೆಲಕ್ಕೆ ಇನ್ನೂ ಹತ್ತಿರ. ಮೂಗಿಗೆ ಕಟ್ಟಿದ ಬೈರಾಸು ದಪ್ಪ ಧೂಳನ್ನು ತಡೆಯಬಹುದು, ಈ ಸಣ್ಣ ಕಣಗಳನ್ನು ತಡೆಯಲಾರದು.

ಇನ್ನೊಂದು ವಿಷಯ ಹಾಸಿಗೆಯದ್ದು. ಹಾಸಿಗೆ ದಿಂಬುಗಳಲ್ಲಿ ಧೂಳಿನ ನುಸಿ ಎಂಬ ಜೀವಿ ಇರುತ್ತದೆ. ಒಂದು ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು ಮಾತ್ರ ಗಾತ್ರ. ನಮ್ಮ ಚರ್ಮದ ಹುಡಿಯೇ ಅದರ ಆಹಾರ. ತೇವವಿರುವ ಗಾಳಿ ಅದಕ್ಕೆ ಬಹಳ ಇಷ್ಟ. ನಮ್ಮ ಕರಾವಳಿಯ ಹವೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಅದು ಕಚ್ಚುವುದಿಲ್ಲ. ಅದರ ಹಿಕ್ಕೆ ಒಣಗಿ ಹುಡಿಯಾಗಿ ಉಸಿರಿನಲ್ಲಿ ಹೋದಾಗ ಅಲರ್ಜಿ ಇರುವವರಿಗೆ ಸೀನು, ಉಬ್ಬಸ ಬರುತ್ತದೆ.

ಮೊದಲ ಐನೂರು ರೂಪಾಯಿ

ಈಗ ಹಣದ ಮಾತಿಗೆ ಬರೋಣ. ಕೈಯಲ್ಲಿ ಐದಾರು ಸಾವಿರ ಇದ್ದರೆ ಅದರಲ್ಲಿ ಮೊದಲ ಐನೂರನ್ನು ಯಂತ್ರಕ್ಕೆ ಹಾಕಬೇಡಿ.

ಕಾವಿ ನೆಲ, ಸಿಮೆಂಟು ನೆಲ, ಟೈಲ್ಸ್ ನೆಲ ಇರುವ ಮನೆಗೆ ನೆಲ ಶುಚಿ ಮಾಡಲು ಒದ್ದೆ ಬಟ್ಟೆಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಉದ್ದ ಕೋಲಿನ ಒಂದು ಮಾಪ್, ಎರಡು ಹೆಚ್ಚಿನ ಬಟ್ಟೆ ತನ್ನಿ. ನಿಂತುಕೊಂಡೇ ಒರೆಸಬಹುದು, ಸೊಂಟ ನೋಯುವುದಿಲ್ಲ, ಧೂಳು ಏಳುವುದಿಲ್ಲ. ಉಳಿದ ಹಣದಲ್ಲಿ ನಾಲ್ಕು ಎನ್-95 ಮಾಸ್ಕು ತನ್ನಿ. ಅಟ್ಟ ಗುಡಿಸುವಾಗ, ಅಡಿಕೆ ಸುಲಿಯುವಾಗ ಅದನ್ನು ಹಾಕಿಕೊಳ್ಳಿ. ಬೂಸು ಹಿಡಿದ ಸಿಪ್ಪೆಯ ಹುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸೆಗಣಿ ಸಾರಿಸಿದ ನೆಲವಿರುವ ಮನೆಗೆ ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ. ಅದು ಸಾರಣೆಯ ಹುಡಿಯನ್ನೇ ಎಳೆದುಕೊಳ್ಳುತ್ತದೆ.

ಇನ್ನೂ ಸೌದೆ ಒಲೆಯಲ್ಲಿ ಅಡುಗೆ ಮಾಡುವ ಮನೆಗಳಿಗೆ ನಮ್ಮ ಸಲಹೆ ಬೇರೆ. ಅಲ್ಲಿ ಹೊಗೆ ಧೂಳಿಗಿಂತ ದೊಡ್ಡ ಶತ್ರು. ಐದು ಸಾವಿರವಿದ್ದರೆ ಮೊದಲು ಹೊಗೆ ಹೊರಗೆ ಹೋಗುವ ವ್ಯವಸ್ಥೆ ಮಾಡಿಸಿ. ಹೊಗೆ ತುಂಬಿದ ಅಡುಗೆ ಕೋಣೆಯ ಪಕ್ಕದಲ್ಲಿ ವ್ಯಾಕ್ಯೂಮ್ ಕ್ಲೀನರ್ ಓಡಿಸಿದರೆ ಆರೋಗ್ಯಕ್ಕೆ ಹೆಚ್ಚಿನ ಪ್ರಯೋಜನವಿಲ್ಲ.

ಹಾಗಾದರೆ ಯಂತ್ರ ಯಾವುದಕ್ಕೆ? ಒದ್ದೆ ಬಟ್ಟೆ ಹೋಗದ ಕಡೆಗೆ. ಹಾಸಿಗೆ, ಸೋಫಾ, ಪರದೆ, ಕಿಟಿಕಿಯ ಜಾಲರಿ, ಕಪಾಟಿನ ಹಿಂದಿನ ಸಂದು, ಪುಸ್ತಕದ ಶೆಲ್ಫು, ಫ್ಯಾನಿನ ರೆಕ್ಕೆ, ಕಾರು ಜೀಪಿನ ಒಳಭಾಗ, ಇವುಗಳಿಗೆ ಅದು ನಿಜವಾಗಿಯೂ ಉಪಕಾರಿ. ಇಂಥ ವಸ್ತುಗಳು ಹೆಚ್ಚಿರುವ ಮನೆಗೆ, ಅಲರ್ಜಿ ಇರುವವರಿರುವ ಮನೆಗೆ ಯಂತ್ರ ಬೇಕು. ಇವೇನೂ ಇಲ್ಲದ ಮನೆಗೆ ಅದು ಅಟ್ಟಕ್ಕೆ ಹೋಗುವ ವಸ್ತು.

ಪೇಟೆಯಲ್ಲಿ ಸಿಗುವ ಬಗೆಗಳು

ನಾವು ಅಂಗಡಿಗಳಲ್ಲಿ ನೋಡಿದಂತೆ ಸಾಮಾನ್ಯ ಮನೆಗೆ ಐದು ಬಗೆಗಳಿವೆ. ಬೆಲೆಗಳು ಅಂದಾಜು ಮಾತ್ರ, ಕಂಪೆನಿಯಿಂದ ಕಂಪೆನಿಗೆ ವ್ಯತ್ಯಾಸವಿದೆ.

1. ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ. ಎರಡರಿಂದ ಮೂರು ಸಾವಿರ. ಹಗುರ, ಹಾಸಿಗೆ ಸೋಫಾಗಳಿಗೆ ಸಾಕು. ಧೂಳು ಹಿಡಿಯುವ ಪಾತ್ರೆ ಬಹಳ ಸಣ್ಣದು, ಕೈ ಬೇಗ ಸೋಲುತ್ತದೆ.

2. ನೆಲದ ಮೇಲೆ ಎಳೆದುಕೊಂಡು ಹೋಗುವ ಉದ್ದ ಕೊಳವೆಯ ಯಂತ್ರ. ನಾಲ್ಕರಿಂದ ಏಳು ಸಾವಿರ. ಚೀಲವಿರುವುದೂ ಇದೆ, ಚೀಲವಿಲ್ಲದೆ ಪಾತ್ರೆ ಮಾತ್ರ ಇರುವುದೂ ಇದೆ.

3. ಡ್ರಮ್ಮಿನಂತಿರುವ ಒಣ-ಒದ್ದೆ ಯಂತ್ರ. ನಾಲ್ಕರಿಂದ ಎಂಟು ಸಾವಿರ. ಧೂಳನ್ನೂ ನೀರನ್ನೂ ಎಳೆಯುತ್ತದೆ. ಹೆಚ್ಚಿನವುಗಳಲ್ಲಿ ಗಾಳಿ ಊದುವ ಬಾಯಿಯೂ ಇದೆ. ಸ್ವಲ್ಪ ಭಾರ, ಶಬ್ದವೂ ಹೆಚ್ಚು.

4. ಬ್ಯಾಟರಿಯಿಂದ ಓಡುವ ಕೋಲಿನಂಥ ಯಂತ್ರ. ವಯರಿನ ರಗಳೆ ಇಲ್ಲ. ಆದರೆ ಬ್ಯಾಟರಿಯ ಶಕ್ತಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ, ಹೊಸ ಬ್ಯಾಟರಿ ದುಬಾರಿ. ಕಡಿಮೆ ಬೆಲೆಯವುಗಳಲ್ಲಿ ಎಳೆಯುವ ಶಕ್ತಿಯೂ ಕಡಿಮೆ.

5. ತಾನಾಗಿ ಓಡಾಡುವ ರೋಬೋಟು. ಹತ್ತು ಸಾವಿರಕ್ಕಿಂತ ಮೇಲೆ. ಹೊಸ್ತಿಲು, ಮೆಟ್ಟಿಲು, ಚಾಪೆ ಇರುವ ನಮ್ಮ ಮನೆಗಳಿಗೆ ಅದು ಹೊಂದುವುದಿಲ್ಲ. ಹಾಸಿಗೆಗೂ ಹತ್ತಲಾರದು.

ಐದಾರು ಸಾವಿರದ ಮಿತಿಯಲ್ಲಿ ಕೃಷಿಕರ ಮನೆಗೆ ನಮ್ಮ ಅಭಿಪ್ರಾಯದಲ್ಲಿ ಮೂರನೆಯದು ಮೇಲು, ಅದರಲ್ಲೂ ತೊಳೆದು ಬಳಸುವ ಫಿಲ್ಟರ್ ಇರುವಂಥದ್ದು. ಕಾರಣ ಸರಳ. ಚೀಲಕ್ಕಾಗಿ ಯಾರ ದಾರಿಯನ್ನೂ ಕಾಯಬೇಕಾಗಿಲ್ಲ. ಮಳೆಗಾಲದಲ್ಲಿ ಜಗಲಿಗೆ ನುಗ್ಗಿದ ನೀರನ್ನೂ ತೆಗೆಯಬಹುದು. ಊದುವ ಗಾಳಿಯಿಂದ ಪಂಪಿನ ಮೋಟಾರಿನ ಮೇಲಿನ, ಸ್ಪ್ರೇಯರಿನ ಮೂಲೆಗಳ ಧೂಳನ್ನು ಅಂಗಳದಲ್ಲಿಟ್ಟು ಹಾರಿಸಬಹುದು. ಮನೆಯಲ್ಲಿ ಉಬ್ಬಸದವರಿದ್ದರೆ ಮಾತ್ರ ಚೀಲವಿರುವ ಎರಡನೆಯ ಬಗೆಯನ್ನು ಯೋಚಿಸಿ. ಚೀಲವನ್ನು ಮುಚ್ಚಿದಂತೆಯೇ ಎಸೆಯಬಹುದು, ಖಾಲಿ ಮಾಡುವಾಗ ಧೂಳು ಮುಖಕ್ಕೆ ಬರುವುದಿಲ್ಲ. ಆದರೆ ಒಂದು ವರ್ಷಕ್ಕೆ ಬೇಕಾಗುವಷ್ಟು ಚೀಲವನ್ನು ಯಂತ್ರದ ಜೊತೆಯಲ್ಲಿಯೇ ಕೊಂಡು, ಅದರ ಬೆಲೆಯನ್ನೂ ಯಂತ್ರದ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ವಾಟ್ ನೋಡಿ ಮರುಳಾಗಬೇಡಿ

ಪೆಟ್ಟಿಗೆಯ ಮೇಲೆ 1200 ವಾಟ್, 1600 ವಾಟ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ವಾಟ್ ಎಂದರೆ ಯಂತ್ರ ತಿನ್ನುವ ವಿದ್ಯುತ್ತು, ಮಾಡುವ ಕೆಲಸ ಅಲ್ಲ. ಯುರೋಪಿನ ಒಕ್ಕೂಟ 2014ರಲ್ಲಿ 1600 ವಾಟಿಗಿಂತ ಹೆಚ್ಚಿನ, 2017ರಲ್ಲಿ 900 ವಾಟಿಗಿಂತ ಹೆಚ್ಚಿನ ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರುಗಳನ್ನು ಹೊಸದಾಗಿ ಮಾರುಕಟ್ಟೆಗೆ ತರದಂತೆ ನಿಯಮ ಮಾಡಿತು. ಕಡಿಮೆ ವಾಟಿನಲ್ಲೂ ಚೆನ್ನಾಗಿ ಎಳೆಯುವ ಯಂತ್ರ ಮಾಡಲು ಬರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ನೋಡಬೇಕಾದದ್ದು ಎಳೆತದ ಬಲ. ಅದನ್ನು ಕಿಲೋ ಪಾಸ್ಕಲ್‌ನಲ್ಲಿ ಬರೆಯುತ್ತಾರೆ. ವಯರಿನ ಯಂತ್ರಕ್ಕೆ 15ರಿಂದ 20 ಇದ್ದರೆ ಮನೆಗೆ ಧಾರಾಳ.

ವಿದ್ಯುತ್ತಿನ ಖರ್ಚಿಗೆ ಹೆದರಬೇಕಾಗಿಲ್ಲ. 1200 ವಾಟಿನ ಯಂತ್ರ ಅರ್ಧ ಗಂಟೆ ಓಡಿದರೆ 0.6 ಯೂನಿಟ್. ವಾರಕ್ಕೆ ಎರಡು ಸಲವೆಂದರೆ ತಿಂಗಳಿಗೆ ಸುಮಾರು 5 ಯೂನಿಟ್. ಆದರೆ ಇದು ಐದು ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಬಲ್ಬಿನ ಸಣ್ಣ ಪ್ಲಗ್ಗಿಗೆ, ತೆಳ್ಳಗಿನ ಉದ್ದ ವಯರಿಗೆ ಸಿಕ್ಕಿಸಬೇಡಿ. ಅರ್ತಿಂಗ್ ಇರುವ ದೊಡ್ಡ ಪ್ಲಗ್ಗೇ ಬೇಕು. ಯಂತ್ರದ ಮೇಲೆ ಐ.ಎಸ್.ಐ. ಮುದ್ರೆ ಇದೆಯೇ ನೋಡಿ.

ಎಳೆತಕ್ಕಿಂತಲೂ ಮುಖ್ಯ ಫಿಲ್ಟರ್. ಮೋಟಾರು ಫ್ಯಾನನ್ನು ಬಹಳ ವೇಗದಿಂದ ತಿರುಗಿಸಿ ಒಳಗಿನ ಗಾಳಿಯನ್ನು ಹಿಂದಿನಿಂದ ಹೊರಗೆ ತಳ್ಳುತ್ತದೆ. ಆ ಖಾಲಿ ತುಂಬಲು ಕೊಳವೆಯ ಬಾಯಿಯಿಂದ ಗಾಳಿ ಧೂಳಿನ ಸಮೇತ ನುಗ್ಗುತ್ತದೆ. ಫಿಲ್ಟರ್ ಚೆನ್ನಾಗಿಲ್ಲದಿದ್ದರೆ ದೊಡ್ಡ ಕಸ ಒಳಗೆ ಉಳಿದು, ಸಣ್ಣ ಕಣಗಳು ಹಿಂದಿನ ಬಾಯಿಯಿಂದ ಕೋಣೆಗೇ ವಾಪಸು ಬರುತ್ತವೆ. ಒಣ ಹಿಡಿಸೂಡಿ ಮಾಡಿದ ಕೆಲಸವನ್ನೇ ಐದು ಸಾವಿರ ಕೊಟ್ಟು ಮಾಡಿಸಿದಂತೆ! 'ಹೆಪಾ' ಎಂದು ಬರೆದಿರುವ ಫಿಲ್ಟರ್ ಒಳ್ಳೆಯದು. ಎಚ್-13 ದರ್ಜೆಯದಾದರೆ ಅತಿ ಸಣ್ಣ ಕಣಗಳಲ್ಲಿಯೂ ನೂರಕ್ಕೆ 99.95 ಪಾಲು ತಡೆಯಬೇಕೆಂಬ ನಿಯಮವಿದೆ. 'ಹೆಪಾ ಮಾದರಿ' ಎಂದು ಬರೆದಿದ್ದರೆ ಅದು ಬೇರೆ. ಆ ಮಾತಿಗೆ ಅಳತೆಯಿಲ್ಲ. ಅಂಗಡಿಯಲ್ಲಿ ಯಂತ್ರ ಓಡಿಸಿ ಕೊಳವೆಯಿಂದ ಸ್ವಲ್ಪ ಗೋಧಿ ಹಿಟ್ಟು ಎಳೆಯಿಸಿ, ಹಿಂದಿನ ಬಾಯಿಗೆ ಒಂದು ಕಪ್ಪು ಬಟ್ಟೆ ಹಿಡಿಯಿರಿ. ಬಟ್ಟೆ ಬೆಳ್ಳಗಾದರೆ ಆ ಯಂತ್ರ ಬೇಡ. ಕಪ್ಪು ಬಟ್ಟೆಯನ್ನು ಹೀಗೆ ಬಳಸಿದರೆ ಅದು ನಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ.

ನಮ್ಮ ಊರಿಗೆ ಬೇಕಾದ ಎರಡು ಎಚ್ಚರಿಕೆ

ಒಂದನೆಯದು ಮಳೆಯದ್ದು. ತೊಳೆದ ಫಿಲ್ಟರ್ ಪೂರ್ತಿ ಒಣಗಲು ಒಂದು ದಿನವಾದರೂ ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬೈರಾಸೇ ಒಣಗುವುದಿಲ್ಲ, ಫಿಲ್ಟರ್ ಎಲ್ಲಿ ಒಣಗೀತು? ಹಸಿ ಫಿಲ್ಟರ್ ಹಾಕಿ ಓಡಿಸಿದರೆ ಬೂಸಿನ ವಾಸನೆ ಬರುತ್ತದೆ, ಮೋಟಾರೂ ಕೆಡುತ್ತದೆ. ಒಲೆಯ ಮೇಲೆ ನೇತು ಹಾಕಿದರೆ ಮಸಿ ಹಿಡಿಯುತ್ತದೆ. ಆದ್ದರಿಂದ ಕೊಳ್ಳುವಾಗಲೇ ಎರಡನೆಯ ಫಿಲ್ಟರ್ ತೆಗೆದಿಡಿ. ಅದು ಸಿಗದ ಕಂಪೆನಿಯ ಯಂತ್ರ ಬೇಡ.

ಎರಡನೆಯದು ಗಡಿಯದ್ದು. ನಮ್ಮಲ್ಲಿ ಅನೇಕರು ಮಂಗಳೂರಿಗೆ ಹೋಗಿ ಸಾಮಾನು ತರುತ್ತಾರೆ. ಅಂಗಡಿಯವರು ಕನ್ನಡ, ತುಳು, ಕೊಂಕಣಿ ಮಾತಾಡುತ್ತಾರೆ, ಬೆಲೆಯೂ ಹೊಂದುತ್ತದೆ. ಆದರೆ ಯಂತ್ರ ಕೆಟ್ಟಾಗ ದೂರು ದಾಖಲಾಗುವುದು ನಮ್ಮ 671ರಿಂದ ಆರಂಭವಾಗುವ ಪಿನ್‌ಕೋಡಿನ ಮೇಲೆ. ಆಗ "ನೀವು ಕೇರಳದವರು, ಅಲ್ಲಿನ ಶಾಖೆಯಲ್ಲಿ ಕೇಳಿ" ಎನ್ನುತ್ತಾರೆ; ಅಲ್ಲಿ ಕೇಳಿದರೆ "ಬಿಲ್ಲು ಕರ್ನಾಟಕದ್ದಲ್ಲವೇ" ಎನ್ನುತ್ತಾರೆ. ನಮಗೂ ಒಮ್ಮೆ ಮಿಕ್ಸಿಯ ವಿಷಯದಲ್ಲಿ ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟಂತಾಗಿತ್ತು. ಕೊಳ್ಳುವ ಮೊದಲೇ ಕಂಪೆನಿಯ ಸಹಾಯವಾಣಿಗೆ ಫೋನು ಮಾಡಿ, ನಮ್ಮ ಪಿನ್‌ಕೋಡಿಗೆ ರಿಪೇರಿಯವರು ಎಲ್ಲಿಂದ ಬರುತ್ತಾರೆ ಎಂದು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಐನೂರು ರೂಪಾಯಿ ಹೆಚ್ಚಾದರೂ ಹತ್ತಿರದ ಕುಂಬಳೆ, ಉಪ್ಪಳ, ಬದಿಯಡ್ಕ, ಕಾಸರಗೋಡು ಪೇಟೆಯಲ್ಲೇ ಕೊಳ್ಳುವುದು ಲಾಭ. ಬಿಲ್ಲು ಮತ್ತು ವಾರಂಟಿ ಕಾರ್ಡನ್ನು ಭದ್ರವಾಗಿಡಿ. ಅದರಲ್ಲಿ ಬರೆದದ್ದು ಓದಲು ಬಾರದಿದ್ದರೆ ಓದಿ ಹೇಳಿ ಎಂದು ಕೇಳಲು ಸಂಕೋಚ ಬೇಡ.

ಬಳಸುವಾಗ ನೆನಪಿಡಿ: ಬಿಸಿ ಬೂದಿ, ಕೆಂಡ, ಪೆಟ್ರೋಲು, ಸೀಮೆಎಣ್ಣೆಯ ಹತ್ತಿರ ಯಂತ್ರ ತರಬಾರದು, ಬೆಂಕಿ ಹತ್ತೀತು. ಸಿಮೆಂಟು, ಸುಣ್ಣ, ಅಡಿಕೆಗೆ ಮದ್ದು ಬಿಡುವ ಮೈಲುತುತ್ತಿನ ಹುಡಿ ಚೆಲ್ಲಿದ್ದರೆ ಯಂತ್ರದಿಂದ ಎಳೆಯಬೇಡಿ. ನೀರು ಎಳೆಯುವಾಗ ಒಣ ಫಿಲ್ಟರ್ ತೆಗೆದು ಒದ್ದೆಗೆಂದು ಕೊಟ್ಟ ಸ್ಪಂಜನ್ನು ಹಾಕಿ. ಡ್ರಮ್ಮನ್ನು ಮನೆಯ ಹೊರಗೆ, ಮಾಸ್ಕು ಹಾಕಿ ಖಾಲಿ ಮಾಡಿ.

ಉಬ್ಬಸದವರಿರುವ ಮನೆಗೆ ಇನ್ನೊಂದು ಮಾತು. ಜೀವಂತ ನುಸಿ ಹಾಸಿಗೆಯ ನೂಲನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಯಂತ್ರಕ್ಕೆ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಯಂತ್ರವನ್ನೇ ನಂಬಿ ಕೂರಬಾರದು. ಹಾಸಿಗೆಯ ವಸ್ತ್ರ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿ ನೀರಿನಲ್ಲಿ ಒಗೆಯಿರಿ. ಬಿಸಿಲಿದ್ದ ದಿನ ಹಾಸಿಗೆಯನ್ನು ಹೊರಗೆ ಹಾಕಿ. ಯಂತ್ರ ಓಡಿಸುವಾಗ ಉಬ್ಬಸದವರು ಆ ಕೋಣೆಯಲ್ಲಿ ಇರಬಾರದು. ಮುಗಿದ ಮೇಲೂ ಕಿಟಿಕಿ ತೆರೆದಿಟ್ಟು ಸ್ವಲ್ಪ ಹೊತ್ತು ಬಿಟ್ಟು ಹೋಗಲಿ. ಡಾಕ್ಟರರು ಕೊಟ್ಟ ಇನ್‌ಹೇಲರನ್ನು ಯಂತ್ರ ಬಂತೆಂದು ನಿಲ್ಲಿಸಬಾರದು.

ಒಬ್ಬರಿಗೆ ಆಗದಿದ್ದರೆ ನಾಲ್ವರಿಗೆ

ಐದಾರು ಸಾವಿರವೂ ಹೊಂದದ ಮನೆಗಳು ನಮ್ಮ ಧರ್ಮಕೇಂದ್ರದಲ್ಲಿ ಇವೆ. ಅವರಿಗೊಂದು ಹಳೆಯ ಕಥೆ. ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರ್ 1901ರಲ್ಲಿ ಮಾಡಿದ ವ್ಯಾಕ್ಯೂಮ್ ಕ್ಲೀನರ್ ಒಂದು ಮನೆಯ ಸೊತ್ತಾಗಿರಲಿಲ್ಲ. ಅದು ಕುದುರೆ ಎಳೆಯುವ ಗಾಡಿಯಲ್ಲಿ ಬೀದಿಗೆ ಬರುತ್ತಿತ್ತು. ಉದ್ದ ಕೊಳವೆಗಳನ್ನು ಕಿಟಿಕಿಯಿಂದ ಒಳಗೆ ಬಿಟ್ಟು ಮನೆ ಶುಚಿ ಮಾಡಿ ಮುಂದಿನ ಮನೆಗೆ ಹೋಗುತ್ತಿತ್ತು. 1902ರಲ್ಲಿ ರಾಜನ ಪಟ್ಟಾಭಿಷೇಕಕ್ಕೆ ಮೊದಲು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ದೇವಾಲಯದ ರತ್ನಗಂಬಳಿಯನ್ನು ಶುಚಿ ಮಾಡಿದ್ದು ಅದೇ ಯಂತ್ರ.

ಯಂತ್ರ ಮನೆಯಿಂದ ಮನೆಗೆ ಹೋಗುವುದು ನಮಗೂ ಹೊಸದಲ್ಲ. ಅಡಿಕೆ ಸುಲಿಯುವ ಯಂತ್ರ ಊರಿಡೀ ತಿರುಗುತ್ತದೆ. ಹಾಸಿಗೆ ಸೋಫಾಗಳಿಗೆ ದಿನವೂ ಯಂತ್ರ ಬೇಕಾಗಿಲ್ಲ, ಹದಿನೈದು ದಿನಕ್ಕೊಮ್ಮೆಯಾದರೂ ಸಾಕು. ಒಂದು ವಾರ್ಡಿನ ನಾಲ್ಕು ನೆರೆಕರೆಯ ಮನೆಗಳು ಸೇರಿ ಒಂದು ಡ್ರಮ್ ಯಂತ್ರ ಕೊಂಡರೆ ಒಬ್ಬೊಬ್ಬರ ಪಾಲು ಸಾವಿರದ ಐನೂರಕ್ಕಿಂತ ಹೆಚ್ಚಾಗದು. ಒಂದು ಮನೆಯ ಧೂಳು ಇನ್ನೊಂದಕ್ಕೆ ಹೋಗದಂತೆ ಖಾಲಿ ಮಾಡಿ, ಒರೆಸಿ ಕೊಡುವ ನಿಯಮವಿರಲಿ. ಕೆಟ್ಟರೆ ರಿಪೇರಿ ಯಾರದ್ದು ಎಂಬುದನ್ನು ಮೊದಲೇ ಬರೆದಿಡಿ, ಮತ್ತೆ ಮನಸ್ತಾಪ ಬೇಡ.

ಕೊನೆಯ ಮಾತು

ತೋಟಕ್ಕೆ ಪವರ್ ಸ್ಪ್ರೇಯರ್ ಬೇಕಾದಾಗ ನಾವು ಬೆಲೆ ನೋಡಿ ಹಿಂದೆ ಸರಿಯುವುದಿಲ್ಲ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಬ್ಸಿಡಿ ಎಲ್ಲಿದೆ ಎಂದು ಹುಡುಕುತ್ತೇವೆ, ಸೊಸೈಟಿಯಲ್ಲಿ ಸಾಲ ಕೇಳುತ್ತೇವೆ. ತರುವ ಮೊದಲು ಮದ್ದು ಬಿಡುವ ಕೆಲಸದವರನ್ನು ಕರೆದು "ಇದು ನಿನ್ನ ಕೈಗೆ ಹೊಂದುತ್ತದೆಯೇ?" ಎಂದು ವಿಚಾರಿಸುತ್ತೇವೆ. ಕೆಲಸ ಮಾಡುವವನಿಗೇ ಗೊತ್ತು ಎಂದು ನಮಗೆ ತಿಳಿದಿದೆ. ಆದರೆ ಮನೆಯೊಳಗಿನ ಸಾಧನದ ಮಾತು ಬಂದಾಗ ನಲವತ್ತು ವರ್ಷ ಮನೆ ಗುಡಿಸಿದವರನ್ನು ಕೇಳಬೇಕೆಂದು ನಮಗೆ ತೋಚುವುದಿಲ್ಲ. ಒಂದೋ ಹಿಡಿಸೂಡಿಯೇ ಸಾಕೆನ್ನುತ್ತೇವೆ, ಇಲ್ಲವೇ ಕೇಳದೆ ಏನನ್ನಾದರೂ ತಂದು ಉಪಕಾರ ಮಾಡಿದೆವು ಎಂದುಕೊಳ್ಳುತ್ತೇವೆ.

ಆದ್ದರಿಂದ ಪೂಜೆಯ ನಂತರ ಕೇಳಿದ ಆ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಮೊದಲು ಮನೆಗೆ ಹೋಗಿ ಗುಡಿಸುವವರನ್ನು ಕೇಳಿ: ಎಲ್ಲಿ ಧೂಳು ಹೆಚ್ಚು, ಯಾವ ಕೆಲಸ ಮಾಡುವಾಗ ಕೆಮ್ಮು ಬರುತ್ತದೆ, ಎಷ್ಟು ಭಾರ ಎತ್ತಲು ಆಗುತ್ತದೆ? ಅಂಗಡಿಗೆ ಅವರನ್ನೂ ಕರೆದುಕೊಂಡು ಹೋಗಿ. ಯಂತ್ರವನ್ನು ಅವರೇ ಎತ್ತಿ ನೋಡಲಿ, ಕೊಳವೆ ಹಿಡಿದು ನೋಡಲಿ, ಶಬ್ದ ಕೇಳಲಿ, ಬೇಡವೆಂದರೆ ಬೇಡವೆನ್ನಲಿ. ಯಂತ್ರ ಬಂದ ಮೇಲೆ ಅದನ್ನು ಓಡಿಸುವ ಕೆಲಸ ಅವರೊಬ್ಬರದ್ದೇ ಎಂದು ಬಿಡಬೇಡಿ. ಆದಿತ್ಯವಾರ ಮಧ್ಯಾಹ್ನ ಗಂಡುಮಕ್ಕಳು ಅರ್ಧ ಗಂಟೆ ಹಾಸಿಗೆಗಳ ಮೇಲೆ ಓಡಿಸಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ನಮ್ಮ ಮನೆಯ ಹಳೆಯ ಯಂತ್ರ ಈಗಲೂ ಅಟ್ಟದಲ್ಲಿದೆ. ಎರಡು ವರ್ಷಗಳ ಹಿಂದೆ ನಾವು ಹೊಸದೊಂದನ್ನು ತಂದೆವು. ಅಂಗಡಿಯಲ್ಲಿ ಅಮ್ಮ ಮೂರು ಯಂತ್ರಗಳನ್ನು ಎತ್ತಿ ನೋಡಿ, ಹೆಚ್ಚು ಬೆಲೆಯದ್ದನ್ನು ಬದಿಗಿಟ್ಟು, ಹಗುರವಾದ ಒಂದನ್ನು ತೋರಿಸಿದರು. ಅಂಗಡಿಯವನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ಹನ್ನೆರಡು ವರ್ಷ ಹಿಂದೆ ಕೇಳಿದ್ದೇ ಆಗಿತ್ತು. ಈ ಸಲ ನಾವು ಉತ್ತರ ಬರುವ ತನಕ ಕಾದೆವು.